ನಾನು ಜ್ವಾಲಾಮುಖಿ ಅಂತ ತೋರಿಸಿದ್ದು ದನದ ದೊಡ್ಡಿ

ಬಸ್ಸಿನ ಕಿಟಕಿ ಪಕ್ಕ ಇಯರ್‌ಫೋನ್ ಹಾಕ್ಕೊಂಡು ಕೂತಿರೋರಿಗೆ, ಹೊಲದಾಗ ಮೋಟರ್ ಚಾಲೂ ಮಾಡಿ ಬದುವಿನ ಮೇಲೆ ಕೂತು ಕೇಳ್ತಿರೋರಿಗೆ, ಬೆಂಗಳೂರಿನ ಪಿಜಿ ರೂಮಿನಲ್ಲಿ ನಿದ್ದೆ ಬರದೇ ಹೊರಳಾಡ್ತಿರೋ ನಮ್ಮ ಕಡೆಯ ಹುಡುಗರಿಗೆ, ಎಲ್ಲರಿಗೂ. ಇವತ್ತು ಒಂದು ದ್ವೀಪದ ಕಥೆ ಹೇಳ್ಬೇಕು, ಗವಿಗಳ ಕಥೆ ಹೇಳ್ಬೇಕು, ಜೊತೆಗೆ ನಾನೇ ಮಾಡಿದ ಒಂದು ತಪ್ಪಿನ ಕಥೆಯನ್ನೂ ಹೇಳ್ಬೇಕು. ಆ ತಪ್ಪು ನಿಮ್ಮಲ್ಲಿ ಕೆಲವರ ಫೋನಿನಲ್ಲಿ ಇನ್ನೂ ಓಡಾಡ್ತಾ ಇರಬಹುದು. 'ಯಾದಗಿರಿ ಜಿಲ್ಲೆಯಲ್ಲಿ ಜ್ವಾಲಾಮುಖಿ!' ಅಂತ ಬೆಂಕಿಯ ಎಮೋಜಿ ಹಾಕಿದ ಒಂದು ರೀಲ್ ನೋಡಿದ್ರೆ, ಅದರಲ್ಲಿ ಕಪ್ಪು ಟೀಶರ್ಟ್ ಹಾಕ್ಕೊಂಡು ಕೂಗಾಡ್ತಿರೋನು ನಾನೇ.

ಎರಡು ವರ್ಷದ ಹಿಂದಿನ ಮಳೆಗಾಲ. ಸುರಪುರದಲ್ಲಿ ರಾತ್ರಿ ಕರೆಂಟ್ ಹೋಗಿತ್ತು. ಫೋನಿನಲ್ಲಿ ಇದ್ದದ್ದು ಕಾಲು ಭಾಗ ಚಾರ್ಜ್. ಮಾಳಿಗೆ ಮೇಲೆ ಮಲಗಿ ಏನೋ ಹುಡುಕ್ತಾ ಇದ್ದಾಗ ಒಂದು ವಿಡಿಯೊ ಬಂತು. ನಾಲ್ಕೈದು ಜನ ತಲೆಗೆ ಹೆಲ್ಮೆಟ್, ಹೆಲ್ಮೆಟ್‌ಗೆ ಲೈಟ್, ಮೊಣಕಾಲಿಗೆ ಪ್ಯಾಡ್ ಕಟ್ಕೊಂಡು ಒಂದು ಕರೀ ಸುರಂಗದೊಳಗೆ ತೆವಳ್ತಾ ಹೋಗ್ತಾರೆ. ಒಳಗೆ ಗೋಡೆ ಹೊಳೀತದೆ, ಯಾರೋ ಎಣ್ಣೆ ಸವರಿದ ಹಾಗೆ. ಛಾವಣಿಯಿಂದ ಸಣ್ಣ ಸಣ್ಣ ಕಲ್ಲಿನ ಹನಿಗಳು ಜೋತು ಬಿದ್ದಾವೆ. ಆ ಜಾಗದ ಹೆಸರು ರೀಯೂನಿಯನ್. ಮಡಗಾಸ್ಕರ್‌ನ ಪೂರ್ವಕ್ಕೆ, ಮಾರಿಷಸ್ ಪಕ್ಕ, ಹಿಂದೂ ಮಹಾಸಾಗರದ ನಡುವೆ ಇರೋ ಒಂದು ದ್ವೀಪ. ಆಡಳಿತ ಫ್ರಾನ್ಸ್‌ನದು. ವಿಸ್ತೀರ್ಣ ನಮ್ಮ ಯಾದಗಿರಿ ಜಿಲ್ಲೆಯ ಅರ್ಧದಷ್ಟು.

ನನಗೆ ಅಲ್ಲೀತನಕ ದ್ವೀಪ ಅಂದ್ರೆ ಕೃಷ್ಣಾ ನದಿಯ ಗಡ್ಡಿ. ನೀಲಕಂಠರಾಯನಗಡ್ಡಿ ಗೊತ್ತಲ್ಲ? ನಾರಾಯಣಪುರದ ಬಸವಸಾಗರದಿಂದ ನೀರು ಬಿಟ್ಟಾಗ ಆ ಊರಿನ ಜನ ನಡುಗಡ್ಡೆಯಲ್ಲಿ ಸಿಕ್ಕಿಹಾಕಿಕೊಂಡ ಸುದ್ದಿ ನಾವು ಚಿಕ್ಕೋರಿದ್ದಾಗಿಂದ ಕೇಳ್ತಾ ಬಂದದ್ದು. ಅಂಥದ್ರಲ್ಲಿ ಈ ರೀಯೂನಿಯನ್! ಅಲ್ಲಿ ಪಿತೋಂ ದ ಲಾ ಫೂರ್ನೇಜ್ ಅಂತ ಒಂದು ಜ್ವಾಲಾಮುಖಿ ಇದೆ. ಎತ್ತರ 2,632 ಮೀಟರ್. ಜಗತ್ತಿನಲ್ಲಿ ಪದೇ ಪದೇ ಉಕ್ಕುವ ಜ್ವಾಲಾಮುಖಿಗಳಲ್ಲಿ ಅದೂ ಒಂದು. 2007ರ ಏಪ್ರಿಲ್‌ನಲ್ಲಿ ಎಷ್ಟು ಲಾವಾ ಹೊರಗೆ ಬಂತಂದ್ರೆ, ಒಳಗೆ ಖಾಲಿಯಾಗಿ ಅದರ ನೆತ್ತಿಯ ಬಾಯಿ ಮುನ್ನೂರು ಮೀಟರ್‌ಗಿಂತ ಹೆಚ್ಚು ಕೆಳಗೆ ಕುಸಿದು ಕೂತಿತು.

ಆ ಸುರಂಗ ಆಗೋದು ಹೇಗೆ ಅನ್ನೋದು ನನಗೆ ಆ ರಾತ್ರಿಯೇ ತಿಳೀತು. ನೀವು ಬೆಲ್ಲದ ಪಾಕ ಕುದಿಸೋದನ್ನ ನೋಡಿದ್ರೆ ನಿಮಗೂ ತಿಳೀತದೆ. ಲಾವಾ ಗುಡ್ಡದ ಇಳಿಜಾರಿನಲ್ಲಿ ಹರೀತಾ ಇರುವಾಗ ಗಾಳಿ ತಾಗೋ ಮೇಲ್ಭಾಗ ಮೊದಲು ಆರಿ ಗಟ್ಟಿಯಾಗ್ತದೆ. ಪಾಕದ ಮೇಲೆ ಕೆನೆ ಕಟ್ಟಿದ ಹಾಗೆ. ಕೆನೆಯ ಕೆಳಗೆ ಬೆಂಕಿಯ ಹೊಳೆ ಇನ್ನೂ ಹರೀತಾನೇ ಇರ್ತದೆ. ಒಂದು ದಿನ ಮೇಲಿಂದ ಬರೋದು ನಿಲ್ಲುತ್ತೆ, ಒಳಗಿದ್ದದ್ದು ಹರಿದು ಹೋಗುತ್ತೆ, ಉಳಿಯೋದು ಬರೀ ಪೈಪು. 2004ರಲ್ಲಿ ಹರಿದ ಲಾವಾದ ಅಂಥ ಪೈಪುಗಳೊಳಗೆ ಈಗ ಗೈಡ್ ಜೊತೆ ಜನ ಹೋಗ್ತಾರೆ. ನಮಗಿಂತ ವಯಸ್ಸಿನಲ್ಲಿ ಚಿಕ್ಕದಾದ ಗವಿ. ಇದನ್ನ ಯೋಚನೆ ಮಾಡಿ ನೋಡಿ.

ವಿಡಿಯೊದ ಕೊನೆಗೆ ಹಿನ್ನೆಲೆಯ ದನಿ ಒಂದು ಮಾತು ಹೇಳಿತು. ಈ ದ್ವೀಪದ ಕೆಳಗಿರೋ ಇದೇ ಬೆಂಕಿ, ಸುಮಾರು 6.6 ಕೋಟಿ ವರ್ಷಗಳ ಹಿಂದೆ ಭಾರತದ ದಖ್ಖನಿನ ಕೆಳಗಿತ್ತು ಅಂತ.

ದಖ್ಖನ್ ಅಂದ್ರೆ? ನಾವೇ ಅಲ್ವಾ!

ನಿದ್ದೆ ಎಲ್ಲಿಂದ ಬರಬೇಕು. ಬೆಳಗಾಗೋದನ್ನೇ ಕಾದು ಇಬ್ಬರು ಗೆಳೆಯರನ್ನ ಎಬ್ಬಿಸಿದೆ. "ನಡೀರಿಲೆ, ಜ್ವಾಲಾಮುಖಿ ಹುಡುಕೂನು" ಅಂದೆ. ಒಬ್ಬ, "ಲೇ, ಮೊದಲ ಚಾ ಕುಡಿಯೂನು" ಅಂದ.

ನಮ್ಮ ಮೊದಲ ತನಿಖೆ ಶಹಾಪುರದ ಗುಡ್ಡ. ದಾರಿಯಲ್ಲಿ ಹೋಗೋರಿಗೆಲ್ಲ ಕಾಣುವ ಮಲಗಿದ ಬುದ್ಧ ಅಲ್ಲೇ ಇದಾನೆ. ಗುಡ್ಡಗಳ ಸಾಲೇ ಮುಖ, ಎದೆ, ಹೊಟ್ಟೆಯಾಗಿ ಕಾಣೋದು. ಆ ಬಂಡೆಗಳ ನಡುವೆ ಗವಿಗಳಿವೆ. ಹಾಗೆ ನೋಡಿದ್ರೆ ಯಾದಗಿರಿ ಕೋಟೆಯ ಬೆಟ್ಟದಿಂದ ಹಿಡಿದು ಸುರಪುರದ ಗುಡ್ಡದವರೆಗೆ ಗವಿ ಇಲ್ಲದ ಗುಡ್ಡ ನಮ್ಮಲ್ಲಿ ಕಡಿಮೆ. ಮೊಬೈಲ್ ಟಾರ್ಚ್ ಹಾಕ್ಕೊಂಡು ಒಂದರೊಳಗೆ ನುಗ್ಗಿದ್ವಿ. ಬಾವಲಿ ವಾಸನೆ, ಯಾರೋ ಎಸೆದ ನೀರಿನ ಬಾಟ್ಲಿ, ಹೊಗೆ ಹಿಡಿದ ಛಾವಣಿ. ಹತ್ತು ಹೆಜ್ಜೆಗೆ ಗವಿ ಮುಗೀತು. ಆಮೇಲೆ ತಿಳಿದದ್ದು ಏನಂದ್ರೆ, ಇವು ಲಾವಾದ ಪೈಪುಗಳಲ್ಲ. ಗ್ರಾನೈಟ್ ಬಂಡೆ ಬಿಸಿಲಿಗೆ, ಮಳೆಗೆ ಸೀಳಿ, ಉರುಳಿ, ಒಂದರ ಮೇಲೆ ಒಂದು ಒರಗಿ ನಿಂತಾಗ ನಡುವೆ ಉಳಿದ ಸಂದು. ಆ ಗ್ರಾನೈಟ್ ಕೂಡ ಬೆಂಕಿಯಿಂದಲೇ ಹುಟ್ಟಿದ್ದು ನಿಜ, ಆದರೆ ಭೂಮಿಯೊಳಗೆ ಆಳದಲ್ಲಿ ಮೆಲ್ಲಗೆ ಆರಿದ್ದು. ವಯಸ್ಸು ಸುಮಾರು 250 ಕೋಟಿ ವರ್ಷ. ಡೈನೋಸಾರ್ ಅದರ ಮುಂದೆ ನಿನ್ನೆ ಹುಟ್ಟಿದ ಕೂಸು. ಆದರೆ ಅವತ್ತು ನನಗೆ ಇದೆಲ್ಲ ಯಾಕೆ ಬೇಕಿತ್ತು? ನನಗೆ ಬೇಕಾಗಿದ್ದು ಲಾವಾ.

ಆಮೇಲೆ ಒಬ್ಬ ಗೆಳೆಯನಿಗೆ ನೆನಪಾಯ್ತು. ಅವನ ಸೋದರಮಾವನ ಊರಿನ ಹತ್ತಿರ ಒಂದು ಬೂದಿ ದಿಬ್ಬ ಇದೆ, ಅಲ್ಲಿ ಕಲ್ಲು ಕರಗಿ ಹೋದಂಗ ಕಾಣ್ತಾವ ಅಂತ. ಊರಿನ ಹೆಸರು ನಾನು ಇವತ್ತು ಹೇಳೋದಿಲ್ಲ. ಯಾಕೆ ಅನ್ನೋದು ಮುಂದೆ ಗೊತ್ತಾಗ್ತದೆ.

ಸುತ್ತ ತೊಗರಿ ಹೊಲ. ನಡುವೆ ಒಂದು ಬೂದು ಬಣ್ಣದ ದಿಬ್ಬ, ಎರಡಾಳು ಎತ್ತರ. ಕಾಲಿಟ್ರೆ ಬುಸ್ ಅಂತ ಬಿಳೀ ಪುಡಿ ಏಳ್ತದೆ. ಮೇಲೆ, ಬದಿಗೆ, ಎಲ್ಲಾ ಕಡೆ ಕಲ್ಲಿನ ಗಡ್ಡೆಗಳು. ಒಂದನ್ನ ಎತ್ತಿದೆ, ಹಗುರ! ನೋಡೋಕೆ ಕಲ್ಲು, ತೂಕದಲ್ಲಿ ಹಪ್ಪಳ. ಮೈತುಂಬ ಗುಳ್ಳೆ, ಒಳಗೆ ಹಸಿರು–ಕಪ್ಪು ಗಾಜಿನಂಥ ಹೊಳಪು. ರೀಯೂನಿಯನ್ ವಿಡಿಯೊದಲ್ಲಿ ಆ ಗೈಡ್ ಕೈಯಲ್ಲಿ ಹಿಡಿದು ತೋರಿಸಿದ್ದನಲ್ಲ, ಥೇಟ್ ಅದೇ.

ನಾನು ಅಲ್ಲೇ ಫೋನ್ ತೆಗೆದೆ. ಮುಂದಿನದು ನಿಮಗೆ ಗೊತ್ತು. "ಗೆಳೆಯರೇ, ನಾವು ಈಗ ನಿಂತಿರೋದು ಜ್ವಾಲಾಮುಖಿಯ ಬಾಯಿ ಮೇಲೆ!" ಡ್ರಮ್ ಮ್ಯೂಸಿಕ್. ಸ್ಲೋ ಮೋಷನ್‌ನಲ್ಲಿ ಬೂದಿ ತೂರಿದ್ದು. ಕೊನೆಗೆ ಲೊಕೇಶನ್ ಪಿನ್. ಅದಕ್ಕಿಂತ ಮೊದಲು ನನ್ನ ಯಾವ ವಿಡಿಯೊನೂ ಸಾವಿರ ಜನ ನೋಡಿರಲಿಲ್ಲ. ಇದು ಮೂರೇ ದಿನದಲ್ಲಿ ನಲವತ್ತು ಸಾವಿರ ದಾಟಿತು. ಕಾಲೇಜಿನಲ್ಲಿ ನನಗೆ 'ಲಾವಾ' ಅಂತಲೇ ಹೆಸರು ಬಿತ್ತು. ಖುಷಿ ಆಗಿತ್ತು, ಸುಳ್ಳು ಯಾಕೆ ಹೇಳಲಿ.

ಮನೇಲಿ ನಮ್ಮ ಅಪ್ಪ ಆ ವಿಡಿಯೊ ನೋಡಿ ಬಿದ್ದು ಬಿದ್ದು ನಕ್ಕ. "ಲೇ ಹುಚ್ಚಪ್ಪಾ, ಅದು ಬೂದಿ ದಿಬ್ಬ. ಎಪ್ಪತ್ತೆರಡರ ಬರ ಹೋದಮ್ಯಾಲ ನಿಮ್ಮ ಅಜ್ಜ ಅಂಥಾದ್ದ ಒಂದು ದಿಬ್ಬದಿಂದ ಬಂಡಿಗಟ್ಟಲೆ ಬೂದಿ ಹೇರಿ ನಮ್ಮ ಹೊಲಕ್ಕ ಹಾಕ್ಯಾನ. ಮರುವರ್ಷ ಜೋಳ ಆಳೆತ್ತರ ಬಂದಿತ್ತು." ನಾನು ಕೇಳಿದೆ, "ಆ ದಿಬ್ಬ ಈಗ ಎಲ್ಲದ?" ಅಪ್ಪ ಒಂದು ಕ್ಷಣ ಸುಮ್ಮನಾದ. "ಎಲ್ಲಿ ಅಂದ್ರ? ನಾವು ಉಂಡ್ವಿ" ಅಂದ.

ಆ ವಾರವೇ ಒಂದು ಫೋನ್ ಬಂತು. ನಿವೃತ್ತ ಹೈಸ್ಕೂಲ್ ಮಾಸ್ತರ್ರು, ಸಮಾಜ ವಿಜ್ಞಾನ ಕಲಿಸ್ತಿದ್ದೋರು. ಬೈತಾರೆ ಅಂದ್ಕೊಂಡೆ. ಅವರು ಬೈಲಿಲ್ಲ. "ತಮ್ಮಾ, ರವಿವಾರ ಖಾಲಿ ಇದ್ರ ಆ ದಿಬ್ಬಕ್ಕ ನನ್ನನ್ನ ಕರ್ಕೊಂಡು ಹೋಗು. ಗಾಡಿಗೆ ಪೆಟ್ರೋಲ್ ನಾನು ಹಾಕಸ್ತೀನಿ" ಅಂದ್ರು.

ಹೋದ್ವಿ. ಮಾಸ್ತರ್ರು ದಿಬ್ಬದ ಮೇಲೆ ಹತ್ತಲಿಲ್ಲ. ಸುತ್ತಲೂ ನಡೆದು, ಒಂದು ಬದಿಯಲ್ಲಿ ಮಣ್ಣು ಕುಸಿದು ಗೋಡೆಯ ಹಾಗೆ ಕಾಣ್ತಿದ್ದ ಕಡೆ ಕುಕ್ಕರಗಾಲಲ್ಲಿ ಕೂತ್ರು. ಅಲ್ಲಿ ಪದರಗಳಿದ್ವು. ಬಿಳಿ ಬೂದಿ, ಅದರ ಕೆಳಗೆ ಕಂದು, ಮತ್ತೆ ಬಿಳಿ, ನಡುವೆ ಗಾಜುಗಟ್ಟಿದ ಗಡ್ಡೆಯ ಸಾಲು. ಒಂದು ಬೂದಿ ಪದರದೊಳಗಿಂದ ಅರ್ಧ ಹೊರಗೆ ಬಂದಿದ್ದ ಬೂದು ಬಣ್ಣದ ಚೂರೊಂದನ್ನ ಮುಟ್ಟದೆ ಬೆರಳು ಮಾಡಿ ತೋರಿಸಿದ್ರು. ಗಡಿಗೆಯ ಅಂಚು. ಅದರ ಪಕ್ಕ ಒಂದು ಎಲುಬಿನ ತುಂಡು.

"ಜ್ವಾಲಾಮುಖಿ ಗಡಿಗಿ ಮಾಡ್ತದೇನು?" ಅಂತ ಕೇಳಿದ್ರು.

ಅಷ್ಟೇ. ನನ್ನ ಜ್ವಾಲಾಮುಖಿ ಅಲ್ಲೇ ಆರಿಹೋಯ್ತು.

ಈಗ ನಾನು ಅವರಿಂದ ಕೇಳಿದ್ದು, ಆಮೇಲೆ ಓದಿ ತಿಳಿದದ್ದು ಎರಡನ್ನೂ ಸೇರಿಸಿ ಹೇಳ್ತೀನಿ. ಕೃಷ್ಣಾ–ತುಂಗಭದ್ರಾ ಸುತ್ತಮುತ್ತ, ಬಳ್ಳಾರಿ, ರಾಯಚೂರು, ನಮ್ಮ ಸುರಪುರ ಸೀಮೆ, ಆಚೆ ತೆಲಂಗಾಣ, ಆಂಧ್ರದ ಅಂಚಿನವರೆಗೆ ಇಂಥ ಬೂದಿ ದಿಬ್ಬಗಳು ನೂರಕ್ಕೂ ಹೆಚ್ಚು ಗುರುತಾಗಿವೆ. ಇವು ಹೊಸ ಶಿಲಾಯುಗದ ದನಗಾಹಿ ಜನರವು. ನಾಲ್ಕು ಸಾವಿರ ವರ್ಷಕ್ಕೂ ಹಳೆಯವು. ಕಬ್ಬಿಣ ಇನ್ನೂ ಬಂದಿರಲಿಲ್ಲ. ದೊಡ್ಡಿಯಲ್ಲಿ ದನ ಕೂಡ್ತಿದ್ರು, ಸಗಣಿ, ನಮ್ಮ ಭಾಷೆಯಾಗ ಹೆಂಡಿ, ಕೂಡಿ ಕೂಡಿ ಗುಡ್ಡೆ ಆಗ್ತಿತ್ತು, ಅದಕ್ಕೆ ಆಗಾಗ ಬೆಂಕಿ ಇಡ್ತಿದ್ರು. ಮತ್ತೆ ಕೂಡಿಸೋದು, ಮತ್ತೆ ಸುಡೋದು. ತಲೆಮಾರುಗಟ್ಟಲೆ. ಆ ಬೂದಿಯೇ ಈ ದಿಬ್ಬ.

ಹಾಗಾದ್ರೆ ಗಾಜು ಎಲ್ಲಿಂದ ಬಂತು? ನಾನೂ ಇದನ್ನೇ ಕೇಳಿದೆ. ಹುಲ್ಲಿನೊಳಗೆ ಸಿಲಿಕಾ ಇರ್ತದೆ, ಮರಳಿನಲ್ಲಿರೋದೇ. ಹುಲ್ಲಿನ ಅಂಚು ಕೈಗೆ ಕೊಯ್ಯೋದು ಅದರಿಂದಲೇ. ದನ ಹುಲ್ಲು ತಿಂದರೂ ಆ ಸಿಲಿಕಾ ಕರಗೋದಿಲ್ಲ, ಸೀದಾ ಸಗಣಿಗೆ ಬರ್ತದೆ. ಸಗಣಿ ಬೂದಿಯಲ್ಲಿರೋ ಕ್ಷಾರ ಅದನ್ನ ಕರಗಿಸೋಕೆ ಸಹಾಯ ಮಾಡ್ತದೆ. ದೊಡ್ಡ ಗುಡ್ಡೆ ಒಳಗೊಳಗೇ ದಿನಗಟ್ಟಲೆ ನಿಗಿನಿಗಿ ಉರಿದಾಗ ಅದು ಕರಗಿ, ಗುಳ್ಳೆ ಎದ್ದು, ಆರಿದಾಗ ಲಾವಾ ಕಲ್ಲಿನ ಥರವೇ ಕಾಣ್ತದೆ. ಅಂದ್ರೆ ನಾನು ಕ್ಯಾಮೆರಾ ಮುಂದೆ ಮುತ್ತಿಟ್ಟದ್ದು ಕರಗಿದ ಕುಳ್ಳಿಗೆ. ಗೆಳೆಯರು ಇದನ್ನ ಇನ್ನೂ ಮರೆತಿಲ್ಲ.

ಮೋಸ ಹೋದೋನು ನಾನೊಬ್ಬನೇ ಅಲ್ಲ ಅನ್ನೋದು ಒಂದು ಸಮಾಧಾನ. ಬಳ್ಳಾರಿ–ಹೊಸಪೇಟೆ ದಾರಿಯ ಕುಡತಿನಿಯ ಹತ್ತಿರದ ಬೂದಿ ದಿಬ್ಬವನ್ನ ಜನ ಭೀಮ ಹಿಡಿಂಬಾಸುರನನ್ನ ಸುಟ್ಟ ಜಾಗ ಅಂತಿದ್ರು. ಹಂಪಿ ಪಕ್ಕದ ನಿಂಬಾಪುರದ ದಿಬ್ಬ ವಾಲಿಯ ಚಿತೆ. ಹತ್ತೊಂಬತ್ತನೇ ಶತಮಾನದ ಇಂಗ್ಲಿಷ್ ಅಧಿಕಾರಿಗಳು ಈ ಕಥೆಗಳನ್ನ ಬರೆದುಕೊಂಡು, ತಾವೂ ಊಹೆ ಮಾಡಿದ್ರು. ಕಬ್ಬಿಣದ ಕುಲುಮೆಯ ಕಿಟ್ಟವೋ, ಸುಣ್ಣದ ಭಟ್ಟಿಯೋ, ಜ್ವಾಲಾಮುಖಿಯೋ ಅಂತ. ಭೂಗರ್ಭ ಇಲಾಖೆಯ ರಾಬರ್ಟ್ ಬ್ರೂಸ್ ಫೂಟ್ ಇದು ಸುಟ್ಟ ಸಗಣಿ ಅಂತ ಸರಿಯಾಗಿಯೇ ಹೇಳಿದ್ದರು, ಆದರೂ ವಾದ ಮುಗೀಲಿಲ್ಲ. 1957ರಲ್ಲಿ ಆಲ್ಚಿನ್ ಅನ್ನೋ ಪುರಾತತ್ವಜ್ಞ ಹಳೇ ಮಹಬೂಬ್‌ನಗರ ಜಿಲ್ಲೆಯ ಉಟ್ನೂರಿನ ದಿಬ್ಬವನ್ನ ಅಗೆದಾಗ ಬೇಲಿಯ ಗೂಟ ನೆಟ್ಟ ಕುಳಿಗಳು ಸಿಕ್ಕವು. ಜೊತೆಗೆ ಬೂದಿಯ ಪದರದಲ್ಲಿ ದನದ ಗೊರಸಿನ ಗುರುತುಗಳು.

ಗೊರಸಿನ ಗುರುತು! ನಾಲ್ಕು ಸಾವಿರ ವರ್ಷ ದಾಟಿದ ಗೊರಸು. ನಮ್ಮ ಕಡೆ ಸಂಜೆ ದನ ಮನೆಗೆ ಬರೋ ಹೊತ್ತಿಗೆ ಹಾದಿಯ ಧೂಳಿನಲ್ಲಿ ಮೂಡ್ತದಲ್ಲ, ಅದೇ. ರೀಯೂನಿಯನ್ ಸುರಂಗ ನೋಡಿದಾಗ ಆಗದ ಒಂದು ಥರದ ಮೈ ಝುಂ ಇದನ್ನ ಕೇಳಿ ಆಯ್ತು.

ನಮ್ಮ ಸೀಮೆಯಲ್ಲೇ ಈ ಕೆಲಸ ಹೆಚ್ಚು ಮಾಡಿದೋರು ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ. ಕೃಷ್ಣಾ, ಭೀಮಾ ನಡುವಿನ ನಮ್ಮ ನೆಲಕ್ಕೆ ಪುಸ್ತಕಗಳಲ್ಲಿ 'ಶೋರಾಪುರ ದೋಆಬ್' ಅಂತ ಹೆಸರು. ಎರಡು ಹೊಳೆಯ ನಡುವಿನ ನೆಲ. 1965–66ರಲ್ಲಿ ಅವರು ಕೊಡೇಕಲ್‌ನ ಬೂದಿ ದಿಬ್ಬ ಅಗೆದ್ರು. ಕಾಲಜ್ಞಾನದ ಕೊಡೇಕಲ್ ಬಸವಣ್ಣನ ಊರು ಅಂತ ನಮಗೆಲ್ಲ ಗೊತ್ತಿರೋ ಕೊಡೇಕಲ್ಲೇ. ಆಮೇಲೆ 1989ರಿಂದ ಹಲವು ವರ್ಷ ಬೂದಿಹಾಳದಲ್ಲಿ. ಊರಿನ ಹೆಸರಲ್ಲೇ ಬೂದಿ ಇದೆ ನೋಡಿ. ಅಲ್ಲಿ ಬರೀ ಬೂದಿ ಸಿಗಲಿಲ್ಲ. ದಿಬ್ಬದ ಮಗ್ಗುಲಿಗೆ ಜನ ವಾಸ ಮಾಡಿದ ಜಾಗ, ದನದ ದೊಡ್ಡಿ, ಪ್ರಾಣಿ ಕೊಯ್ದು ಹಂಚಿಕೊಂಡ ಕಟ್ಟೆ, ಕಲ್ಲಿನ ಅಲಗು ಮಾಡ್ತಿದ್ದ ಕಾರ್ಖಾನೆ, ಸತ್ತ ಕೂಸುಗಳನ್ನ ಇಟ್ಟು ಹೂತಿದ್ದ ಗಡಿಗೆಗಳು. ಒಂದು ಇಡೀ ಊರು. ಅಲ್ಲಿಂದ ದೂರವೇನಿಲ್ಲ, ಹುಣಸಗಿ ಪಕ್ಕದ ಇಸಾಂಪುರದಲ್ಲಿ ಇನ್ನೂ ಹಿಂದಿನದು ಇದೆ: ಸುಣ್ಣಕಲ್ಲಿನ ಬಂಡೆ ಒಡೆದು ಕೈಗೊಡಲಿ ಮಾಡಿದ ಜಾಗ, ಸುಮಾರು 12 ಲಕ್ಷ ವರ್ಷದ್ದು. ಅದರ ಬಗ್ಗೆ ಮಾತಾಡೋಕೆ ಬೇರೆ ಎಪಿಸೋಡೇ ಬೇಕು.

ಯಾಕೆ ಸುಡ್ತಿದ್ರು? ಹುಳ, ರೋಗ ತಡೆಯೋಕೆ ಅನ್ನೋರಿದ್ದಾರೆ. ಹಬ್ಬದ ಆಚರಣೆ ಅನ್ನೋರಿದ್ದಾರೆ. ಆಲ್ಚಿನ್ ಅವರು ಈಗಿನ ಬೆಂಕಿಯ ಹಬ್ಬಗಳ ಜೊತೆ ಹೋಲಿಸಿ ನೋಡಿದ್ರು. ಮಾಸ್ತರ್ರನ್ನ ಕೇಳಿದ್ರೆ, "ಎರಡೂ ಇರಬಹುದಲ್ಲ? ನಿಮ್ಮವ್ವ ಮನಿ ಸಾರಸೋದು ಸ್ವಚ್ಛಕ್ಕೋ ಹಬ್ಬಕ್ಕೋ?" ಅಂದ್ರು. ನನಗೆ ಈ ಉತ್ತರ ಎಲ್ಲಕ್ಕಿಂತ ಸರಿ ಅನ್ನಿಸ್ತು.

ಹಾಗಾದ್ರೆ ಆ ವಿಡಿಯೊದ ಮಾತು ಸುಳ್ಳಾ? ದಖ್ಖನಿನ ಲಾವಾ ಎಲ್ಲಿ ಹೋಯ್ತು? ಇದನ್ನ ನಾನು ದಿಬ್ಬದಿಂದ ವಾಪಸ್ ಬರುವಾಗ ಕೇಳಿದೆ. ಮಾಸ್ತರ್ರು ಗಾಡಿ ನಿಲ್ಲಿಸು ಅಂದ್ರು. ನನ್ನ ಚಪ್ಪಲಿಗೆ ಮಳೆಯಲ್ಲಿ ಮೆತ್ತಿದ್ದ ಕರೀ ಮಣ್ಣು ತೋರಿಸಿದ್ರು. "ಇದ ನೋಡು. ಮೂಲ ಕಲ್ಲು ನೋಡಬೇಕಂದ್ರ ವಿಜಯಪುರದ ಕಡೆ ಹೋಗು, ಯಾವುದರ ಬಾವಿಯೊಳಗ ಬಗ್ಗಿ ನೋಡು."

ನಮ್ಮ ಅಕ್ಕನನ್ನ ಕೊಟ್ಟಿರೋದು ಸಿಂದಗಿ ಕಡೆ. ಅವರ ಹೊಲದಲ್ಲಿ ಒಂದು ತೆರೆದ ಬಾವಿ ಇದೆ. ಹತ್ತು ವರ್ಷದಿಂದ ಅದರಲ್ಲಿ ಈಜಿದೀನಿ, ಒಮ್ಮೆಯೂ ಅದರ ಗೋಡೆ ನೋಡಿರಲಿಲ್ಲ. ಈ ಸಲ ಬೇಸಿಗೆಯಲ್ಲಿ ನೀರು ಕೆಳಗೆ ಹೋದಾಗ ಮೆಟ್ಟಿಲಿಳಿದು ನೋಡಿದೆ. ಮೇಲೆ ಎರೆ ಮಣ್ಣು, ಅದರ ಕೆಳಗೆ ಈರುಳ್ಳಿ ಸಿಪ್ಪೆಯ ಹಾಗೆ ಸುಲಿಯೋ ಕೊಳೆತ ಕಲ್ಲು, ಅದರ ಕೆಳಗೆ ಗಟ್ಟಿ ಕರಿಕಲ್ಲು. ಆ ಕರಿಕಲ್ಲಿನಲ್ಲಿ ಗುಳ್ಳೆಗಳು, ಗುಳ್ಳೆಯೊಳಗೆ ಬಿಳೀ ಹರಳು. ನಡುವೆ ಒಂದು ಕಡೆ ಗೇಣು ದಪ್ಪ ಕೆಂಪು ಪಟ್ಟಿ. ಒಂದು ಸಲ ಲಾವಾ ಹರಿದು ಆರಿ, ಮತ್ತೊಂದು ಬರೋವರೆಗೆ ನಡುವೆ ಸಿಕ್ಕ ಕಾಲದಲ್ಲಿ ಅದರ ನೆತ್ತಿ ಕೊಳೆತು ಮಣ್ಣಾಗಿ, ಮೇಲಿನ ಲಾವಾದ ಬಿಸಿಗೆ ಬೆಂದದ್ದು ಅಂಥ ಕೆಂಪು ಪಟ್ಟಿ. ನನ್ನ ತಲೆಯ ಮೇಲೆ ಒಂದು ಲಾವಾ, ಕಾಲ ಕೆಳಗೆ ಇನ್ನೊಂದು ಲಾವಾ. ಹೆಲ್ಮೆಟ್ ಇಲ್ಲ, ಪಾಸ್‌ಪೋರ್ಟ್ ಇಲ್ಲ, ಮೇಲಿಂದ ಅಕ್ಕ, "ಊಟ ಆರಲತ್ತದ, ಬಾರೋ" ಅಂತ ಕೂಗ್ತಾ ಇದ್ದಳು.

ದಖ್ಖನಿನ ಈ ಲಾವಾ ಈಗಲೂ ಸುಮಾರು ಐದು ಲಕ್ಷ ಚದರ ಕಿಲೋಮೀಟರ್ ಹರಡಿದೆ. ಕೃಷ್ಣೆ ಹುಟ್ಟೋ ಮಹಾಬಳೇಶ್ವರದ ಕಡೆ ಅದರ ದಪ್ಪ ಕಿಲೋಮೀಟರ್ ಲೆಕ್ಕದಲ್ಲಿದೆ. ಇತ್ತ ಬರ್ತಾ ಬರ್ತಾ ತೆಳುವಾಗಿ, ನಮ್ಮ ಸುರಪುರ ಸೀಮೆಯಲ್ಲಿ ಸೀರೆಯ ಸೆರಗಿನ ಹಾಗೆ ಮುಗೀತದೆ. ಅದಕ್ಕೇ ನಮ್ಮಲ್ಲಿ ಒಂದು ಕಡೆ ಶಹಾಪುರದ ಗ್ರಾನೈಟ್, ಒಂದು ಕಡೆ ಭೀಮೆಯ ಸುಣ್ಣಕಲ್ಲು, ಒಂದು ಕಡೆ ಕರಿಕಲ್ಲು. ಒಂದೇ ದಿನದಲ್ಲಿ ಬೈಕಿನಲ್ಲಿ ಮೂರನ್ನೂ ನೋಡಬಹುದು. ಒಂದು ಗುಡ್ಡ ಬಾಯಿ ತೆರೆದು ಉಗುಳಿದ ಲಾವಾ ಅಲ್ಲ ಇದು. ಭೂಮಿಯಲ್ಲಿ ಉದ್ದಕ್ಕೆ ಬಿರುಕು ಬಿಟ್ಟು, ಅದರಿಂದ ಉಕ್ಕಿ, ನೀರಿನ ಹಾಗೆ ಹರಿದದ್ದು. ಅಂದ್ರೆ ನಾನು ಹುಡುಕಿದ ಆ 'ಬಾಯಿ' ಇಲ್ಲಿ ಇರೋದೇ ಇಲ್ಲ.

ರೀಯೂನಿಯನ್‌ಗೂ ನಮಗೂ ಸಂಬಂಧ ಹೇಗೆ? ಬಹಳ ಭೂವಿಜ್ಞಾನಿಗಳು ಒಪ್ಪೋ ಲೆಕ್ಕ ಇದು. ಒಲೆ ಅಲ್ಲೇ ಇತ್ತು, ಹಂಚು ಸರೀತು. ಭಾರತದ ನೆಲ ಉತ್ತರಕ್ಕೆ ಜಾರ್ತಾ ಇದ್ದಾಗ ಅದರ ಕೆಳಗಿನ ಒಲೆಯ ಮೇಲೆ ದಖ್ಖನ್ ಬಂತು, ಸುಟ್ಟುಕೊಂಡಿತು, ಮುಂದೆ ಹೋಯ್ತು. ಆಮೇಲೆ ಅದೇ ಒಲೆಯ ಮೇಲೆ ಹಾದು ಹೋದ ಕಡಲ ತಳದಲ್ಲಿ ಸಾಲಾಗಿ ಸುಟ್ಟ ಗುರುತು ಬಿದ್ದವು. ಲಕ್ಷದ್ವೀಪ ಕೂತಿರೋ ಏಣು, ಮಾಲ್ಡೀವ್ಸ್, ಛಾಗೋಸ್, ಆಮೇಲೆ ಮಾರಿಷಸ್, ಕೊನೆಗೆ ಇವತ್ತು ಒಲೆಯ ಮೇಲಿರೋ ರೀಯೂನಿಯನ್. ಯಾದಗಿರಿಯಿಂದ ಹತ್ತಿರ ಹತ್ತಿರ ಐದು ಸಾವಿರ ಕಿಲೋಮೀಟರ್.

ಇಲ್ಲಿ ಉಡುಪಿಯ ಕೇಳುಗರು ಕಾಮೆಂಟ್ ಮಾಡೇ ಮಾಡ್ತಾರೆ: ಕರ್ನಾಟಕದಲ್ಲೇ ಲಾವಾದ ದ್ವೀಪ ಇದೆ, ಮಲ್ಪೆಯ ಸೇಂಟ್ ಮೇರೀಸ್ ಅಂತ. ಗೊತ್ತಪ್ಪಾ, ನೋಡಿದೀನಿ. ಕಂಬಗಳನ್ನ ಜೋಡಿಸಿಟ್ಟ ಹಾಗೆ ಐದು ಮೂಲೆ, ಆರು ಮೂಲೆಯ ಕಲ್ಲುಗಳು, ಬಹಳ ಚೆಂದ. ಆದರೆ ಅದು ಬೇರೆ ಬೆಂಕಿ. ಮಡಗಾಸ್ಕರ್ ನಮ್ಮಿಂದ ಕಳಚಿಕೊಂಡ ಕಾಲದ್ದು, ಸುಮಾರು 8.8 ಕೋಟಿ ವರ್ಷ ಹಳೇದು, ನಮ್ಮ ಎರೆ ಮಣ್ಣಿಗಿಂತ ಹಿರಿಯಣ್ಣ.

ಈಗ ತಪ್ಪಿನ ಉಳಿದ ಭಾಗ.

ನನ್ನ ವಿಡಿಯೊ ನೋಡಿ ಜನ ಆ ದಿಬ್ಬಕ್ಕೆ ಹೋದ್ರು. ಮೊದಲು ಸೆಲ್ಫಿ. ಆಮೇಲೆ ಒಬ್ಬ ಮೆಸೇಜ್ ಮಾಡಿದ, "ಬ್ರೋ, ಅಕ್ವೇರಿಯಂಗೆ ಲಾವಾ ಕಲ್ಲು ಬೇಕು, ಒಂದು ಚೀಲಕ್ಕೆ ಎಷ್ಟು?" ನಾನು ಉತ್ತರ ಕೊಡಲಿಲ್ಲ. ಆದರೆ ಯಾರನ್ನೋ ಕೇಳಿ ಅವನು ತಗೊಂಡೇ ಹೋಗಿರಬೇಕು, ಯಾಕಂದ್ರೆ ಆಮೇಲೆ ಅಂಥದೇ ಕಲ್ಲಿಟ್ಟ ಮೀನಿನ ತೊಟ್ಟಿಯ ಫೋಟೋ ಕಳಿಸಿದ. ದೀಪಾವಳಿ ಮುಗಿಸಿ ನಾನು, ಮಾಸ್ತರ್ರು ಮತ್ತೆ ಹೋದಾಗ ದಿಬ್ಬದ ಪೂರ್ವದ ಬದಿಯಲ್ಲಿ ಜೆಸಿಬಿ ಹಲ್ಲಿನ ಗುರುತಿತ್ತು. ಆ ಗಡಿಗೆಯ ಅಂಚು, ಎಲುಬು ಇದ್ದ ಗೋಡೆ ಇರಲಿಲ್ಲ.

ಹೊಲದ ಮಾಲೀಕರು ಅಲ್ಲೇ ಹತ್ತಿ ಬಿಡಿಸ್ತಿದ್ರು. ನಾನು ಏನೋ ಕೇಳೋಕೆ ಹೋದೆ. ಅವರು ಹೇಳಿದ್ದು ಇಷ್ಟು: "ನೋಡ್ರಿ, ಇಷ್ಟು ದಿನ ಇದು ಬರೀ ಬೂದಿ ಅಂತ ಸುಮ್ಮ ಬಿಟ್ಟಿದ್ದಿಲ್ಲೇನು? ಈಗ ಮಂದಿ ಬಂದು ನನ್ನ ತೊಗರಿ ತುಳದು ಹೋಗ್ತಾರ. ದಿಬ್ಬ ಇದ್ರ ಅಲ್ಲ ಬರೋದು? ತೆಗದ್ರ ಹೊಲರ ಸಪಾಟ ಆಗ್ತದ." ಅವರಿಗೆ ಏನು ಹೇಳಬೇಕಿತ್ತು ನಾನು? ಅವರ ಬೆಳೆ ತುಳಿದೋರಿಗೆ ದಾರಿ ತೋರಿಸಿದ್ದೇ ನನ್ನ ಪಿನ್. ಮಾಸ್ತರ್ರು ಅವರ ಜೊತೆ ಬದುವಿನ ಮೇಲೆ ಕೂತು ಒಂದು ತಾಸು ಮಾತಾಡಿದ್ರು. ಗೊರಸಿನ ಗುರುತಿನ ಕಥೆ ಹೇಳಿದ್ರು. ಅವರು ಕೇಳಿದ್ರು, ನಕ್ಕರು, "ಅಂದ್ರ ಇದು ನಮ್ಮಂಥೋರ ದೊಡ್ಡಿ ಅನ್ರಿ" ಅಂದ್ರು. ಉಳಿದದ್ದನ್ನ ತೆಗೆಯೋದಿಲ್ಲ ಅಂತ ಮಾತು ಕೊಡಲಿಲ್ಲ. ತೆಗೀತೀನಿ ಅಂತಲೂ ಹೇಳಲಿಲ್ಲ.

ಮನೆಗೆ ಬಂದು ಅಪ್ಪನ ಹತ್ತಿರ ಜಗಳ ಮಾಡಿದೆ. ಅಜ್ಜ ಆ ಕಾಲದಲ್ಲಿ ಇಡೀ ದಿಬ್ಬ ಹೊಲಕ್ಕೆ ಹಾಕಿದ್ದು ತಪ್ಪಲ್ಲವಾ ಅಂತ. ಅಪ್ಪ ಸಿಟ್ಟಾಗಲಿಲ್ಲ. "ಮನ್ಯಾಗ ಜ್ವಾಳ ಇದ್ದಿದ್ದಿಲ್ಲ. ನಿಮ್ಮಜ್ಜ ಹೊಟ್ಟಿಗೆ ಒಯ್ದ. ನೀ ಯಾತಕ್ಕ ಒಯ್ದಿ?" ಅಂದ. ನಮ್ಮ ಟಿವಿ ಮೇಲೆ ಆ ದಿಬ್ಬದ ಮೂರು ಗಡ್ಡೆ ಕಲ್ಲು ಶೋಪೀಸ್ ಥರ ಇದ್ವು. ನಾನೇ ತಂದು ಇಟ್ಟಿದ್ದು.

ಹಳೇ ವಿಡಿಯೊ ಅಳಿಸಿದೆ. ಆದರೆ ಅಷ್ಟರಲ್ಲಿ ಐದಾರು ಪೇಜುಗಳು ಅದನ್ನ ಡೌನ್‌ಲೋಡ್ ಮಾಡಿ ತಮ್ಮ ಹೆಸರಲ್ಲಿ ಹಾಕಿದ್ವು. ಎಲ್ಲರಿಗೂ ಮೆಸೇಜ್ ಮಾಡಿದೆ, ಒಂದು ಪೇಜ್ ಮಾತ್ರ ತೆಗೀತು. ತಿದ್ದುಪಡಿ ವಿಡಿಯೊ ಒಂದನ್ನ ಮಾಡಿದೆ, ಗಡಿಗೆ, ಗೊರಸು, ಹುಲ್ಲಿನ ಸಿಲಿಕಾ ಎಲ್ಲಾ ವಿವರಿಸಿ, ಲೊಕೇಶನ್ ಇಲ್ಲದೆ. ಅದನ್ನ ನೋಡಿದೋರು ಆರುನೂರ ಚಿಲ್ಲರೆ. ಅದರಲ್ಲಿ ಮೊದಲ ಕಾಮೆಂಟ್: 'ಬ್ರೋ, ಜ್ವಾಲಾಮುಖಿನೇ ಚೆನ್ನಾಗಿತ್ತು.' ಇವತ್ತು ಈ ಪಾಡ್‌ಕಾಸ್ಟ್‌ಗೆ ಬಂದು ಕೂತಿರೋದಕ್ಕೆ ಅದೂ ಒಂದು ಕಾರಣ.

ಮೂರು ಕಲ್ಲನ್ನೂ ವಾಪಸ್ ಒಯ್ದೆ. ದಿಬ್ಬದ ಮೇಲೆ ಇಡೋಕೆ ಹೋದ್ರೆ ಮಾಸ್ತರ್ರು ತಡೆದ್ರು. ಯಾವ ಪದರದ್ದು ಅಂತ ನಿನಗೆ ನೆನಪಿದೆಯಾ ಅಂತ ಕೇಳಿದ್ರು. ಇಲ್ಲ. ಹಾಗಾದ್ರೆ ಇಲ್ಲಿ ಇಟ್ಟರೆ ಮುಂದೆ ನೋಡೋರಿಗೆ ಇನ್ನೊಂದು ಸುಳ್ಳು ಹೇಳಿದ ಹಾಗೆ ಅಂದ್ರು. ಒಂದು ಚೀಟಿಯಲ್ಲಿ ದಿನ, ಜಾಗ, ತಂದೋನ ಹೆಸರು ಬರೆಸಿ ಅವರ ಮನೆಯ ಟ್ರಂಕಿನಲ್ಲಿ ಇಟ್ಟಿದ್ದಾರೆ. 'ತಂದೋನು' ಅನ್ನೋ ಕಡೆ ನನ್ನ ಹೆಸರಿದೆ.

ಈಗ ನಾವಿಬ್ಬರೂ ಒಂದು ಸಣ್ಣ ಕೆಲಸ ಮಾಡ್ತೀವಿ. ಯುಗಾದಿಗೆ ಒಮ್ಮೆ, ದೀಪಾವಳಿಗೆ ಒಮ್ಮೆ ಹೋಗಿ, ಅದೇ ಬೇವಿನ ಗಿಡದ ಕೆಳಗೆ ನಿಂತು ಅದೇ ಕೋನದಲ್ಲಿ ದಿಬ್ಬದ ಫೋಟೋ ತೆಗೆಯೋದು. ಹೊಲದ ಮಾಲೀಕರಿಗೆ ಹೇಳಿಯೇ ಹೋಗ್ತೀವಿ. ಕಳೆದ ಸಲ ಅವರೇ ಮಜ್ಜಿಗೆ ಕೊಟ್ರು. ನಾಲ್ಕು ಫೋಟೋ ಆಗಿವೆ. ಎರಡನೆಯದಕ್ಕೂ ಮೂರನೆಯದಕ್ಕೂ ನಡುವೆ ದಿಬ್ಬ ಸ್ವಲ್ಪ ಕಡಿಮೆಯಾಗಿದೆ, ಅದು ಮಳೆಯೋ ಮನುಷ್ಯರೋ ಹೇಳೋಕೆ ಬರೋಲ್ಲ. ಮೂರಕ್ಕೂ ನಾಲ್ಕಕ್ಕೂ ವ್ಯತ್ಯಾಸ ಇಲ್ಲ.

ಈ ಯುಗಾದಿಗೆ ಹೋದಾಗ ಜೆಸಿಬಿ ಕಡಿದ ಬದಿಯಲ್ಲಿ, ಬಿಳಿ ಪದರಕ್ಕೂ ಕಂದು ಪದರಕ್ಕೂ ನಡುವೆ, ಒಂದು ಅರ್ಧಚಂದ್ರದ ತಗ್ಗು ಕಾಣಿಸ್ತು. ಅದರ ಪಕ್ಕ ಇನ್ನೊಂದು. ನನ್ನ ಎದೆ ಡವಡವ ಅಂತು, ಕೈ ತಾನಾಗಿ ಫೋನಿನ ಕಡೆ ಹೋಯ್ತು. ಮಾಸ್ತರ್ರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕ್ಕೊಂಡು ಬಹಳ ಹೊತ್ತು ನೋಡಿದ್ರು. "ಗೊರಸೂ ಇರಬಹುದು, ಜೆಸಿಬಿ ಹಲ್ಲೂ ಇರಬಹುದು. ತಿಳದೋರಿಗೆ ತೋರಸೂತನ ಬಾಯಿ ಮುಚ್ಚಿಕೊಂಡಿರು" ಅಂದ್ರು. ಅಳತೆಗೆ ಪಕ್ಕದಲ್ಲಿ ಒಂದು ಐದು ರೂಪಾಯಿ ನಾಣ್ಯ ಇಟ್ಟು ಫೋಟೋ ತೆಗೆದು, ವಿಶ್ವವಿದ್ಯಾಲಯದಲ್ಲಿ ಪುರಾತತ್ವ ಓದಿಸೋ ಒಬ್ಬರಿಗೆ ಕಳಿಸಿದೀವಿ. ಅವರು ಮಳೆ ಬರೋದ್ರೊಳಗೆ ಬಂದು ನೋಡ್ತೀನಿ ಅಂದಿದ್ದಾರೆ.

ಅಲ್ಲೀತನಕ ಆ ಫೋಟೋ ನನ್ನ ಫೋನಿನಲ್ಲೇ ಇರ್ತದೆ. ಲೊಕೇಶನ್ ಮಾತ್ರ ಕೇಳಬ್ಯಾಡ್ರಿ.